ಕಟ್ಟೆಯ ಮೇಲೆ ಕುಳಿತ ಕೆಲವರು

ಯಾದಗಿರಿ ತಾಲೂಕಿನ ಬಳಿಚಕ್ರ ನನ್ನ ತವರೂರು. ನನ್ನ ಬಾಲ್ಯದ ನೆನಪಿನಲ್ಲಿ ಊರ ಅಗಸಿಯ ಹತ್ತಿರ ಒಂದು ಕಟ್ಟೆ ಇದೆ, ಅದರ ಮೇಲೆ ಬೇವಿನ ನೆರಳಿದೆ, ಆ ನೆರಳಿನಲ್ಲಿ ಕುಳಿತ ನಾಲ್ಕೈದು ಮಂದಿ ಗಂಡಸರಿದ್ದಾರೆ. ಹೆಂಗಸರು ಆ ಕಟ್ಟೆಯ ಮುಂದೆ ಹಾಯುತ್ತಿರಲಿಲ್ಲ. ನೀರಿನ ಕೊಡ ಹೊತ್ತವರೂ ಹೊಲದಿಂದ ಬುತ್ತಿ ಬುಟ್ಟಿ ತರುವವರೂ ಹಿಂದಿನ ಓಣಿಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಯಾರೂ ಹಾಗೆ ಹೋಗಿರೆಂದು ಹೇಳಿದ್ದಿಲ್ಲ. ಹುಟ್ಟಿದಾಗಿನಿಂದ ಕಾಲಿಗೆ ಆ ದಾರಿಯೇ ರೂಢಿಯಾಗಿತ್ತು.

ಕಟ್ಟೆಯ ಮೇಲೆ ಕೂರುವವರಲ್ಲಿ ನನ್ನ ಮುತ್ಯಾನೂ ಒಬ್ಬರು. ನಮ್ಮ ಮನೆಗೆ ಯಾವ ವತನವೂ ಇರಲಿಲ್ಲ, ಯಾವ ಪದವಿಯೂ ಇರಲಿಲ್ಲ. ಹೊಲ ಇತ್ತು. ಹೊಲ ಇದ್ದುದರಿಂದ ಕಟ್ಟೆಯ ಮೇಲೆ ಜಾಗವೂ ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ಬರೆಯಹೊರಟಿರುವುದು ಕೆಲವರ ಆಳ್ವಿಕೆಯ ಬಗೆಗೆ, ಮತ್ತು ಆ ಕೆಲವರ ಮನೆಯಲ್ಲಿ ಹುಟ್ಟಿ, ಅವರ ಅನ್ನ ಉಂಡು ಬೆಳೆದವಳು ನಾನು.

ಮುಂದೆ ನಾನು ಇತಿಹಾಸ ಓದಿದೆ, ಪಟ್ಟಣದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಅದನ್ನೇ ಕಲಿಸಿದೆ. ಗ್ರೀಕರ ಪಾಠ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಮೂರು ಗೆರೆ ಎಳೆಯುತ್ತಿದ್ದೆ: ಒಬ್ಬನ ಆಳ್ವಿಕೆ, ಕೆಲವರ ಆಳ್ವಿಕೆ, ಬಹುಜನರ ಆಳ್ವಿಕೆ. ನಡುವಿನದಕ್ಕೆ ಅವರಿಟ್ಟ ಹೆಸರು ಆಲಿಗಾರ್ಕಿ. ಗ್ರೀಕ್ ಭಾಷೆಯಲ್ಲಿ ಒಲಿಗೋಯ್ ಎಂದರೆ ಕೆಲವರು, ಅರ್ಖೆ ಎಂದರೆ ಆಳ್ವಿಕೆ. ಪಠ್ಯಪುಸ್ತಕದಲ್ಲಿ ‘ಅಲ್ಪಜನಾಧಿಪತ್ಯ’ ಎಂದು ಅಚ್ಚಾಗಿರುತ್ತಿತ್ತು. ಹುಡುಗಿಯರು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆಯುತ್ತಿದ್ದರು. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ಆಳೋರು ಒಬ್ಬರಿರ್ಲಿ, ಹತ್ತು ಮಂದಿ ಇರ್ಲಿ, ಸಾವಿರ ಮಂದಿ ಇರ್ಲಿ, ಅಲ್ಲಿ ಹೆಣ್ಮಕ್ಕಳು ಎಲ್ಲಿ ಕುಂದರತಿದ್ರು?”

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ನನ್ನ ಬಳಿ ಉತ್ತರ ಇರಲಿಲ್ಲ. ಆ ರಾತ್ರಿಯಿಂದಲೇ ಹುಡುಕತೊಡಗಿದೆ.

ಮೊದಲು ಸಿಕ್ಕಿದವಳು ಲಾಬ್ಡಾ. ಕ್ರಿ.ಪೂ. 7ನೆಯ ಶತಮಾನದಲ್ಲಿ ಕಾರಿಂತ್ ಎಂಬ ಶ್ರೀಮಂತ ಬಂದರು ಪಟ್ಟಣವನ್ನು ಬಾಖಿಯಾಡ್ ಎಂಬ ಒಂದೇ ಮನೆತನದವರು ಆಳುತ್ತಿದ್ದರು. ಇನ್ನೂರು ಮಂದಿಗಿಂತ ತುಸು ಹೆಚ್ಚು ಇದ್ದರಂತೆ. ವರ್ಷಕ್ಕೊಬ್ಬನನ್ನು ತಮ್ಮೊಳಗೇ ಆರಿಸಿ ಮುಖ್ಯಸ್ಥನನ್ನಾಗಿ ಮಾಡುತ್ತಿದ್ದರು. ಹೆಣ್ಣು ಕೊಡುವುದೂ ತರುವುದೂ ತಮ್ಮೊಳಗೇ. ಆಸ್ತಿಯೂ ಅಧಿಕಾರವೂ ಹೊರಗೆ ಹೋಗಬಾರದು ಎಂಬುದೇ ಇದರ ಗುಟ್ಟು. ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟು ಹೊಲದ ಬದುವನ್ನು ಕಾಪಾಡಿಕೊಳ್ಳುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆತನದಲ್ಲಿ ಲಾಬ್ಡಾ ಎಂಬ ಕುಂಟು ಹುಡುಗಿ ಇದ್ದಳು. ಅವಳನ್ನು ಮನೆತನದವರಾರೂ ಮದುವೆಯಾಗಲೊಲ್ಲರು. ಹಾಗಾಗಿ ಹೊರಗಿನ ಒಬ್ಬನಿಗೆ ಕೊಟ್ಟರು. ಅವಳ ಮಗನಿಂದ ತಮ್ಮ ಆಳ್ವಿಕೆ ಮುಗಿಯುತ್ತದೆ ಎಂಬ ದೈವವಾಣಿ ಕೇಳಿದಾಗ, ಆ ಕೂಸನ್ನು ಕೊಂದು ಬರಲು ಹತ್ತು ಮಂದಿ ಹೊರಟರು.

ಹೆರೊಡೋಟಸ್ ಹೇಳುವ ಈ ಕಥೆ ಕಥೆಯೇ ಇರಬಹುದು. ಆದರೆ ಹೆಂಗಸರಿಗೆ ಅದು ಬೇಗ ಅರ್ಥವಾಗುತ್ತದೆ. ಬಂದವರು ನೆಂಟರೆಂದು ತಿಳಿದು ತಾಯಿ ಕೂಸನ್ನು ಅವರ ಕೈಗೆ ಕೊಟ್ಟಳು. ಕೂಸು ನಕ್ಕಿತು. ಮೊದಲನೆಯವನಿಗೆ ಕೈ ಬಾರದೆ ಎರಡನೆಯವನಿಗೆ ದಾಟಿಸಿದ, ಅವನು ಮೂರನೆಯವನಿಗೆ. ಹೀಗೆ ಹತ್ತೂ ಕೈ ದಾಟಿ ಕೂಸು ಮತ್ತೆ ತಾಯಿಯ ಮಡಿಲಿಗೇ ಬಂತು. ಹೊರಗೆ ಬಂದು ಒಬ್ಬರನ್ನೊಬ್ಬರು ಬೈದುಕೊಂಡ ಆ ಗಂಡಸರು, ಈ ಸಲ ಎಲ್ಲರೂ ಕೂಡಿಯೇ ಕೊಂದುಬಿಡೋಣ ಎಂದು ಮಾತಾಡಿಕೊಂಡರು. ಬಾಗಿಲ ಹಿಂದೆ ನಿಂತಿದ್ದ ಲಾಬ್ಡಾ ಅದನ್ನು ಕೇಳಿಸಿಕೊಂಡಳು, ಕೂಸನ್ನು ಒಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಳು. ಪೆಟ್ಟಿಗೆಗೆ ಅವರ ಭಾಷೆಯಲ್ಲಿ ಕಿಪ್ಸೆಲೆ, ಅದರಿಂದ ಮಗನ ಹೆಸರು ಕಿಪ್ಸೆಲಸ್. ಸುಮಾರು ಕ್ರಿ.ಪೂ. 657ರಲ್ಲಿ ಅವನು ಬಾಖಿಯಾಡರನ್ನು ಓಡಿಸಿ ತಾನೇ ಆಳತೊಡಗಿದ. ಅವನೂ ಬಹಳ ಜನರನ್ನು ಊರು ಬಿಡಿಸಿದ, ಕೊಂದ ಎಂದು ಅದೇ ಕಥೆ ಹೇಳುತ್ತದೆ. ಕೆಲವರು ಹೋಗಿ ಒಬ್ಬ ಬಂದ, ಅಷ್ಟೆ.

ಬಾಗಿಲ ಹಿಂದೆ ನಿಂತ ಹೆಂಗಸು ಎಂದೊಡನೆ ನನಗೆ ಅಜ್ಜಿಯ ನೆನಪಾಯಿತು. ಆಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ಪಡಸಾಲೆಯಲ್ಲಿ ಗಂಡಸರ ಮಾತು ನಡೆದಾಗ ಆಯಿ ಒಳಬಾಗಿಲ ಸಂದಿಯಲ್ಲಿ ನಿಂತು, ಒಂದು ಕೈಯಲ್ಲಿ ಮೊರ ಹಿಡಿದು, ಎಲ್ಲವನ್ನೂ ಕೇಳುತ್ತಿದ್ದಳು. ಊರಿನಲ್ಲಿ ಯಾರ ಹೊಲ ಯಾರಿಗೆ ಹೋಯಿತು, ಯಾರ ಮನೆಗೆ ದಂಡ ಬಿತ್ತು ಎಂಬುದೆಲ್ಲ ಆಕೆಗೆ ಬಾಯಿಪಾಠ. “ಕೇಳಾಕ ನಮಗ ಕಿವಿ ಕೊಟ್ಟಾನ ದೇವರು, ಹೇಳಾಕ ಬಾಯಿ ಕೊಟ್ಟಿಲ್ಲ” ಎನ್ನುತ್ತಿದ್ದಳು.

ಆಯಿಯ ಹರೆಯದ ಕಾಲಕ್ಕೆ ನಮ್ಮದು ಹೈದರಾಬಾದ್ ಸಂಸ್ಥಾನ. ಪಾಠ ಹೇಳುವಾಗ ಅದನ್ನು ನಾವು ಒಬ್ಬನ ಆಳ್ವಿಕೆ ಎಂದು ಬರೆಯುತ್ತೇವೆ, ಏಕೆಂದರೆ ಮೇಲೆ ನಿಜಾಮ ಇದ್ದ. ಆದರೆ ನಿಜಾಮನನ್ನು ನಮ್ಮ ಊರಿನ ಹೆಂಗಸರು ನಾಣ್ಯದ ಮೇಲಿನ ಬರಹದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಅವನ ಕೆಳಗೆ ಪೈಗಾ ಮನೆತನಗಳು, ಜಹಗೀರದಾರರು. ಇನ್ನೂ ಕೆಳಗೆ ಹಳ್ಳಿಯಲ್ಲಿ ಕಂದಾಯ ವಸೂಲಿಗೆ ಮಾಲಿಪಾಟೀಲ, ಕಾಯಿದೆ ಕಟ್ಟಳೆಗೆ ಪೊಲೀಸ್ ಪಾಟೀಲ, ಲೆಕ್ಕಪತ್ರಕ್ಕೆ ಪಟವಾರಿ ಅಥವಾ ಕುಲಕರ್ಣಿ. ಎಲ್ಲವೂ ಅಪ್ಪನಿಂದ ಮಗನಿಗೆ ಬರುವ ವತನ. ಇವತ್ತಿಗೂ ನಮ್ಮ ಭಾಗದಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರುಗಳನ್ನು ನೀವು ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಹುದ್ದೆ ಹೋಯಿತು, ಹೆಸರು ಉಳಿಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1949ರಲ್ಲಿ ಜಹಗೀರುಗಳು ರದ್ದಾದವು. ಪಾಟೀಲಕಿ, ಕುಲಕರ್ಣಿಕಿಗಳನ್ನು ತೆಗೆದ ಕಾಯಿದೆ 1961ರದು, ಅದು ಜಾರಿಗೆ ಬಂದದ್ದು 1963ರಲ್ಲಿ. ಅಂದರೆ ದೊಡ್ಡ ಅರಸ ಹೋಗಿ ಹದಿನಾಲ್ಕು ವರ್ಷವಾದ ಮೇಲೆ ಹಳ್ಳಿಯ ವತನ ಹೋಯಿತು. ಕಟ್ಟೆ ಮಾತ್ರ ಯಾವ ಕಾಯಿದೆಯಲ್ಲೂ ಇರಲಿಲ್ಲ. ಹಾಗಾಗಿ ಅದನ್ನು ಯಾವ ಕಾಯಿದೆಯೂ ತೆಗೆಯಲಾಗಲಿಲ್ಲ.

ಗ್ರೀಕರ ಅರಿಸ್ಟಾಟಲ್ ಇದನ್ನು ಬಹಳ ಚೆನ್ನಾಗಿ ಕಂಡುಕೊಂಡಿದ್ದ. ಕೆಲವರು ಆಳುತ್ತಾರೆ ಎಂಬುದಷ್ಟೇ ಆಲಿಗಾರ್ಕಿಯ ಗುರುತಲ್ಲ, ಆಸ್ತಿಯ ಬಲದಿಂದ ಆಳುತ್ತಾರೆ ಎಂಬುದೇ ಅದರ ಗುರುತು ಎಂದ. ಉಳ್ಳವರು ಹೆಚ್ಚು ಮಂದಿ ಇದ್ದು ಅವರು ಆಳಿದರೂ ಅದು ಆಲಿಗಾರ್ಕಿಯೇ. ಉಳ್ಳವರು ಸಾಮಾನ್ಯವಾಗಿ ಕೆಲವರೇ ಇರುವುದರಿಂದ ಆ ಹೆಸರು ಬಂದಿದೆ, ಅಷ್ಟೆ. ಸ್ಪಾರ್ಟಾದಲ್ಲಿ ಅರವತ್ತು ದಾಟಿದ ಇಪ್ಪತ್ತೆಂಟು ಹಿರಿಯರೂ ಇಬ್ಬರು ಅರಸರೂ ಸೇರಿ ಮೂವತ್ತು ಮಂದಿಯ ಸಭೆ ಇತ್ತು. ಹಿರಿಯರಿಗೆ ಆ ಸ್ಥಾನ ಸಾಯುವವರೆಗೆ. ಅದೇ ಸ್ಪಾರ್ಟಾದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಭೂಮಿ ಹೆಂಗಸರ ಕೈಯಲ್ಲಿತ್ತು ಎಂದು ಅರಿಸ್ಟಾಟಲ್ ಆಕ್ಷೇಪದ ದನಿಯಲ್ಲಿ ಬರೆದಿದ್ದಾನೆ. ಭೂಮಿ ಇದ್ದರೂ ಅವರಿಗೆ ಆ ಸಭೆಯಲ್ಲಿ ಜಾಗ ಇರಲಿಲ್ಲ. ಹೊಲ ಇದ್ದ ಗಂಡಸು ಕಟ್ಟೆ ಏರುತ್ತಾನೆ, ಹೊಲ ಇದ್ದ ಹೆಂಗಸು ಹಿಂದಿನ ಓಣಿಯಿಂದಲೇ ಹೋಗುತ್ತಾಳೆ.

ನಮ್ಮಲ್ಲಿಯೂ ಹಿಂದೆ ಇದು ಬೇರೆ ಇರಲಿಲ್ಲ. ವೈಶಾಲಿಯ ಲಿಚ್ಛವಿಗಳನ್ನು ಗಣರಾಜ್ಯ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅಲ್ಲಿ 7,707 ಮಂದಿ ರಾಜರಿದ್ದರೆಂದು ಜಾತಕ ಕಥೆ ಹೇಳುತ್ತದೆ. ಸಂಖ್ಯೆ ದೊಡ್ಡದು. ಆದರೂ ಅವರೆಲ್ಲ ಒಂದೇ ಕುಲದ ಕ್ಷತ್ರಿಯ ಮನೆಗಳ ಯಜಮಾನರು. ನಮ್ಮ ಕನ್ನಡ ಶಾಸನಗಳಲ್ಲಿ ಮಹಾಜನರು, ಗಾವುಂಡರು ಕೂಡಿ ಊರಿನ ವ್ಯವಹಾರ ನಡೆಸುವುದು ಮತ್ತೆ ಮತ್ತೆ ಬರುತ್ತದೆ. ಅವರ ನಡುವೆ ಒಬ್ಬ ಹೆಣ್ಣುಮಗಳ ಹೆಸರು ಹೊಳೆಯುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ, 10ನೆಯ ಶತಮಾನದ ಆರಂಭದಲ್ಲಿ, ನಾಗರಖಂಡದ ನಾಳ್ಗಾವುಂಡನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಹುದ್ದೆ ಬಂತು. ಅವಳು ಚೆನ್ನಾಗಿ ಆಡಳಿತ ನಡೆಸಿದಳು, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು ಎಂದು ಶಾಸನ ಹೊಗಳುತ್ತದೆ. ಅದನ್ನು ಓದಿದಾಗ ನನಗೆ ಸಂತೋಷವಾಯಿತು. ಆದರೆ ಅವಳಿಗೂ ಬಾಗಿಲು ತೆರೆದದ್ದು ಆ ಕೆಲವರ ಮನೆಯೊಳಗಿನಿಂದ, ಗಂಡ ಸತ್ತ ಮೇಲೆ.

ಅಥೆನ್ಸಿನ ಹೆಸರು ಕೇಳಿದರೆ ನಾವು ಪ್ರಜಾಪ್ರಭುತ್ವವನ್ನು ನೆನೆಯುತ್ತೇವೆ. ಅಲ್ಲಿ ಕೂಡ ಎರಡು ಸಲ ಕೆಲವರು ಊರನ್ನು ಹಿಡಿದರು. ಮೊದಲನೆಯದು ಕ್ರಿ.ಪೂ. 411ರಲ್ಲಿ, ನಾನೂರು ಮಂದಿಯ ಆಳ್ವಿಕೆ, ನಾಲ್ಕು ತಿಂಗಳು. ವಿಚಿತ್ರವೆಂದರೆ ಅದೇ ವರ್ಷ, ಅದಕ್ಕೆ ಸ್ವಲ್ಪ ಮುಂಚೆ, ಅರಿಸ್ಟೋಫನೀಸನ ‘ಲಿಸಿಸ್ಟ್ರಾಟಾ’ ನಾಟಕ ಆಡಲ್ಪಟ್ಟಿತು. ಅದರಲ್ಲಿ ಹೆಂಗಸರೆಲ್ಲ ಒಂದಾಗಿ ಕೋಟೆಯನ್ನು ಹಿಡಿದು, ಗಂಡಸರ ಯುದ್ಧವನ್ನು ನಿಲ್ಲಿಸುತ್ತಾರೆ. ಅದನ್ನು ನೋಡಿ ಗಂಡಸರು ಹೊಟ್ಟೆ ಹುಣ್ಣಾಗುವಂತೆ ನಕ್ಕಿರಬೇಕು. ಹೆಂಗಸು ಊರ ಮಾತು ಆಡುವುದು ಅವರಿಗೆ ನಗೆನಾಟಕದ ವಸ್ತು. ಏಕೆಂದರೆ ಪ್ರಜಾಪ್ರಭುತ್ವವಿದ್ದ ಅಥೆನ್ಸಿನಲ್ಲೂ ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಸಭೆಯಲ್ಲಿ ಜಾಗ ಇರಲಿಲ್ಲ.

ಎರಡನೆಯದು ಕ್ರಿ.ಪೂ. 404ರಲ್ಲಿ. ಸ್ಪಾರ್ಟಾದೊಡನೆ ಯುದ್ಧದಲ್ಲಿ ಸೋತ ಅಥೆನ್ಸಿನಲ್ಲಿ ಗೆದ್ದವರ ಬೆಂಬಲದಿಂದ ಮೂವತ್ತು ಮಂದಿ ಗದ್ದುಗೆ ಏರಿದರು. ಅವರು ಮಾಡಿದ ಮುಖ್ಯ ಕೆಲಸ ಒಂದು ಪಟ್ಟಿ ಬರೆದದ್ದು. ಮೂರು ಸಾವಿರ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿದ್ದವನನ್ನು ವಿಚಾರಣೆಯಿಲ್ಲದೆ ಕೊಲ್ಲುವಂತಿಲ್ಲ. ಪಟ್ಟಿಯ ಹೊರಗಿದ್ದವನನ್ನು ಮೂವತ್ತು ಮಂದಿ ಬೇಕೆಂದಾಗ ಕೊಲ್ಲಬಹುದು. ಅವರೊಳಗೇ ಒಬ್ಬನಾದ ಥೆರಾಮೆನೀಸ್ ಇದು ಅತಿಯಾಯಿತು ಎಂದಾಗ, ಮುಖಂಡ ಕ್ರಿಟಿಯಾಸ್ ಎಲ್ಲರೆದುರಿಗೇ ಅವನ ಹೆಸರನ್ನು ಹೊಡೆದುಹಾಕಿ ವಿಷ ಕುಡಿಸಿದ. ಎಂಟು ತಿಂಗಳಲ್ಲಿ ಕೊಲೆಯಾದವರು 1,500ಕ್ಕಿಂತ ಕಡಿಮೆಯಿಲ್ಲ ಎನ್ನುತ್ತದೆ ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ಇತಿಹಾಸ.

ಆ ಹಿಂಸೆಯ ಕಣ್ಣೆದುರಿನ ಚಿತ್ರ ನಮಗೆ ಸಿಕ್ಕುವುದು ಲಿಸಿಯಾಸ್ ಎಂಬ ವಾಗ್ಮಿಯ ಭಾಷಣದಲ್ಲಿ. ಅವನ ಕುಟುಂಬ ಹೊರಗಿನಿಂದ ಬಂದು ಅಥೆನ್ಸಿನಲ್ಲಿ ನೆಲೆಸಿದ್ದು. ಗುರಾಣಿ ಮಾಡುವ ಕಾರ್ಖಾನೆ ಇತ್ತು, ಹಣ ಇತ್ತು, ಮೂರು ಮನೆಗಳಿದ್ದವು. ಮೂವತ್ತು ಮಂದಿಗೆ ಹಣ ಬೇಕಾಗಿತ್ತು. ಲಿಸಿಯಾಸ್ ಹಿಂಬಾಗಿಲಿನಿಂದ ತಪ್ಪಿಸಿಕೊಂಡ. ಅಣ್ಣ ಪಾಲೆಮಾರ್ಕಸ್ ಬೀದಿಯಲ್ಲಿ ಸಿಕ್ಕಿಬಿದ್ದ, ಏನು ತಪ್ಪು ಎಂದು ಕೂಡ ಹೇಳದೆ ಅವನಿಗೆ ವಿಷ ಕುಡಿಸಿದರು. ಮೂರು ಮನೆಗಳಿದ್ದರೂ ಹೆಣವನ್ನು ಯಾವ ಮನೆಯಿಂದಲೂ ಎತ್ತಗೊಡಲಿಲ್ಲ. ಒಂದು ಗುಡಿಸಲನ್ನು ಬಾಡಿಗೆಗೆ ಹಿಡಿದು ಅಲ್ಲಿ ಮಲಗಿಸಿದರು. ಹೊದಿಸುವ ಬಟ್ಟೆ ಒಬ್ಬ ಗೆಳೆಯನದು, ತಲೆದಿಂಬು ಇನ್ನೊಬ್ಬನದು. ಇಷ್ಟು ಹೇಳಿ ಲಿಸಿಯಾಸ್ ಇನ್ನೊಂದು ಮಾತು ಸೇರಿಸುತ್ತಾನೆ: ಪಾಲೆಮಾರ್ಕಸನ ಹೆಂಡತಿ ಬಂಗಾರದ ಓಲೆ ಹಾಕಿಕೊಂಡಿದ್ದಳು, ಮೆಲೋಬಿಯಸ್ ಎಂಬವನು ಮನೆಯೊಳಗೆ ಕಾಲಿಟ್ಟೊಡನೆ ಅವುಗಳನ್ನು ಅವಳ ಕಿವಿಯಿಂದಲೇ ತೆಗೆದುಕೊಂಡ. ಆ ಹೆಂಗಸಿನ ಹೆಸರೇನೆಂದು ಮಾತ್ರ ಭಾಷಣದಲ್ಲಿ ಇಲ್ಲ. ಕಿತ್ತುಕೊಂಡವನ ಹೆಸರು ಉಳಿದಿದೆ.

ಇದನ್ನು ಓದಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಆಯಿ ಹೇಳುತ್ತಿದ್ದ ಒಬ್ಬ ವಿಧವೆಯ ಸಂಗತಿ ನೆನಪಾಗಿತ್ತು. ಗಂಡ ಸತ್ತ ಮೇಲೆ ಆಕೆಯ ಪಾಲಿನ ಹೊಲವನ್ನು ಮೈದುನ ಬಿತ್ತಿಕೊಂಡ. ಆಕೆ ಹಿತ್ತಲ ಬಾಗಿಲಿಗೆ ಬಂದು, “ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳ್ರೆವ್ವಾ” ಎಂದು ಆಯಿಯ ಕಾಲು ಹಿಡಿದಳು. ಕಿವಿಯ ಬೆಂಡೋಲೆಗಳು ಆಗಲೇ ಒತ್ತೆ ಹೋಗಿದ್ದವಂತೆ, ತೂತುಗಳಲ್ಲಿ ಬೇವಿನ ಕಡ್ಡಿ ಇದ್ದವಂತೆ. ಆಯಿ ರಾತ್ರಿ ಮುತ್ಯಾನಿಗೆ ಹೇಳಿದಳು. ಮುತ್ಯಾ, “ಕಟ್ಟಿ ಮಾತು ಒಲಿ ಮುಂದ ಯಾಕ?” ಎಂದರು. ಮರುದಿನ ಕಟ್ಟೆಯ ಮೇಲೆ ಹೊಲ ಮೈದುನನದೇ ಎಂದು ತೀರ್ಮಾನವಾಯಿತು. ಆಕೆ ಅಲ್ಲಿ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ಆಯಿ ಬಾಗಿಲ ಹಿಂದೆ ನಿಂತು ಅದನ್ನೂ ಕೇಳಿಸಿಕೊಂಡಳು. ನನ್ನ ಮುತ್ಯಾ ಯಾರ ಕಿವಿಗೂ ಕೈ ಹಾಕಿದವರಲ್ಲ, ಊರಿಗೆ ಮರ್ಯಾದಸ್ಥರು, ನನಗೆ ಪ್ರೀತಿಯ ಮುತ್ಯಾ. ಆದರೆ ಆ ಬರಿಗಿವಿಯ ಲೆಕ್ಕದಲ್ಲಿ ನಮ್ಮ ಮನೆಯ ಪಾಲೂ ಇದೆ ಎಂದು ಈಗ ಅನಿಸುತ್ತದೆ.

ನನ್ನದೇ ಪಾಲು ಕೂಡ ಇದೆ. 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯಿದೆ ಬಂತು, ಆ ವರ್ಷದ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮೂರರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ. ನಮ್ಮ ಬಂಧುಗಳಿದ್ದ ಒಂದು ಹಳ್ಳಿಯಲ್ಲಿ — ಹೆಸರು ಬೇಡ — ದೊಡ್ಡ ಮನೆಗಳವರು ಕೂಡಿ ತಮ್ಮ ಮನೆಯ ಸೊಸೆಯೊಬ್ಬಳನ್ನು ಅವಿರೋಧವಾಗಿ ಆರಿಸಲು ನಿಶ್ಚಯಿಸಿದ್ದರು. ಕೂಲಿಗೆ ಹೋಗುವ ಒಬ್ಬಾಕೆ ಎದುರಿಗೆ ನಾಮಪತ್ರ ಹಾಕಿಬಿಟ್ಟಳು. ಆಕೆಗೆ ನನ್ನ ಪರಿಚಯವಿತ್ತು, ಆಕೆಯ ಮಗಳು ನನ್ನ ವಿದ್ಯಾರ್ಥಿನಿ. “ನೀನು ಹೇಳಿದ್ರ ಕೇಳ್ತಾಳ” ಎಂದು ನನ್ನನ್ನು ಕರೆದುಕೊಂಡು ಹೋದರು. ನಾನು ಹೋದೆ. “ಯಾಕವ್ವಾ ಊರಾಗ ಸುಮ್ಮನ ಜಗಳ? ಮಗಳು ಓದಾಕತ್ಯಾಳ, ಆಕಿ ಕಡೆ ಲಕ್ಷ್ಯ ಕೊಡು” ಎಂದೆ. ಬೆದರಿಸಲಿಲ್ಲ, ಪ್ರೀತಿಯಿಂದಲೇ ಹೇಳಿದೆ. ಆಕೆ ನನ್ನ ಮುಖ ನೋಡಿದಳು, “ನೀವ ಹೇಳಿದ ಮ್ಯಾಲ ಏನ್ರೀ” ಎಂದು ಮರುದಿನ ಹಿಂತೆಗೆದುಕೊಂಡಳು. ನನಗೆ ಚಹಾ ಕೊಟ್ಟಿದ್ದಳು. ಊರಿಗೆ ಒಳ್ಳೆಯದು ಮಾಡಿದೆನೆಂದು ತಿಳಿದು ಮನೆಗೆ ಬಂದೆ.

ಎಷ್ಟೋ ವರ್ಷಗಳ ಮೇಲೆ ಸಾಕ್ರಟೀಸನ ಒಂದು ಸಂಗತಿ ಓದಿದೆ. ಆ ಮೂವತ್ತು ಮಂದಿ ಒಮ್ಮೆ ಐದು ಜನರನ್ನು ಕರೆಸಿ, ಸಲಾಮಿಸಿಗೆ ಹೋಗಿ ಲಿಯಾನ್ ಎಂಬವನನ್ನು ಹಿಡಿದು ತನ್ನಿ, ಅವನನ್ನು ಕೊಲ್ಲಬೇಕಾಗಿದೆ ಎಂದರು. ಐವರಲ್ಲಿ ಸಾಕ್ರಟೀಸನೂ ಒಬ್ಬ. ಹೆಚ್ಚು ಜನರನ್ನು ತಮ್ಮ ಪಾಪದಲ್ಲಿ ಪಾಲುದಾರರನ್ನಾಗಿ ಮಾಡುವುದೇ ಅವರ ಹಂಚಿಕೆ ಎಂದು ಅವನು ಆಮೇಲೆ ಹೇಳಿದ. ನಾಲ್ವರು ಸಲಾಮಿಸಿಗೆ ಹೋದರು. ಸಾಕ್ರಟೀಸ್ ಸುಮ್ಮನೆ ಮನೆಗೆ ಹೋದ. ಕೂಗಾಡಲಿಲ್ಲ, ಕತ್ತಿ ಹಿಡಿಯಲಿಲ್ಲ. ಮನೆಗೆ ಹೋದ, ಅಷ್ಟೆ. ಅಷ್ಟರಲ್ಲಿ ಆ ಆಳ್ವಿಕೆ ಬೀಳದೆ ಇದ್ದಿದ್ದರೆ ಅದಕ್ಕಾಗಿಯೇ ಅವನ ಜೀವ ಹೋಗುತ್ತಿತ್ತು. ಕ್ರಿ.ಪೂ. 403ರಲ್ಲಿ ಪ್ರಜಾಪ್ರಭುತ್ವ ಮರಳಿ ಬಂತು. ಅದೇ ಪ್ರಜಾಪ್ರಭುತ್ವ 399ರಲ್ಲಿ ಅವನಿಗೆ ವಿಷ ಕೊಟ್ಟಿತು ಎಂಬುದನ್ನೂ ಮರೆಯಬಾರದು.

ಕೆಲವರು ಹೇಗೆ ಆಳುತ್ತಾರೆ ಎಂಬುದು ನನಗೆ ಅಲ್ಲಿ ತಿಳಿಯಿತು. ಮೂವತ್ತು ಮಂದಿ ತಾವೇ ಎಲ್ಲ ಮನೆಗಳ ಬಾಗಿಲು ತಟ್ಟಲಾರರು. ತಟ್ಟಲು ಅವರಿಗೆ ಸಲಾಮಿಸಿಗೆ ಹೋಗುವ ನಾಲ್ವರು ಬೇಕು. ಒಳ್ಳೆಯ ಹೆಸರಿನ, ನಯವಾಗಿ ಮಾತಾಡುವ, ಓದಿದ ನಾಲ್ವರಾದರೆ ಇನ್ನೂ ಒಳ್ಳೆಯದು. 1993ರಲ್ಲಿ ಆ ಕೂಲಿಯಾಕೆಯ ಬಾಗಿಲು ತಟ್ಟಿದ ಕೈ ನನ್ನದು.

2020ರ ಡಿಸೆಂಬರಿನಲ್ಲಿ ಮತ್ತೆ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಅಷ್ಟರಲ್ಲಿ ಹೆಂಗಸರ ಪಾಲು ಅರ್ಧಕ್ಕೆ ಏರಿತ್ತು, ನಾನು ನಿವೃತ್ತಳಾಗಿದ್ದೆ. ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದವು, ಇದು ಅಪರಾಧವೆಂದು ಚುನಾವಣಾ ಆಯೋಗ ಎಚ್ಚರಿಸಿತು. ಹೆಚ್ಚು ಹಣ ಕೂಗಿದವರು ಅವಿರೋಧ ಆಯ್ಕೆ, ಹಣ ಊರ ಗುಡಿಗೆ. ಅಥೆನ್ಸಿನವರು ತಮ್ಮ ಐನೂರು ಮಂದಿಯ ಸಭೆಗೆ ಚೀಟಿ ಎತ್ತಿ ಆರಿಸುತ್ತಿದ್ದರು. ಚೀಟಿ ಎತ್ತುವುದು ಬಹುಜನರ ರೀತಿ, ಚುನಾಯಿಸುವುದು ಕೆಲವರ ರೀತಿ ಎಂದು ಅರಿಸ್ಟಾಟಲ್ ಬರೆದಿದ್ದಾನೆ, ಏಕೆಂದರೆ ಚುನಾವಣೆಯಲ್ಲಿ ಹೆಸರುಳ್ಳವರೇ ಮುಂದೆ ಬರುತ್ತಾರೆ. ಹರಾಜು ಹಾಕುವ ರೀತಿಯನ್ನು ಕಂಡಿದ್ದರೆ ಅವನು ಏನೆನ್ನುತ್ತಿದ್ದನೋ!

ಆ ದಿನಗಳಲ್ಲಿ ಒಂದು ಸಂಜೆ ನನಗೆ ಫೋನು ಬಂತು. ಹಳೆಯ ಹಳ್ಳಿಯಿಂದಲ್ಲ, ಇನ್ನೊಂದು ಊರಿನಿಂದ, ದೂರದ ಸಂಬಂಧದ ಹುಡುಗ. “ದೊಡ್ಡಮ್ಮ, ನಮ್ಮ ವಾರ್ಡಿನ ಮಹಿಳಾ ಸೀಟು ಎಲ್ಲರೂ ಕೂಡಿ ಮಾತಾಡಿ ಮುಗಿಸೀವಿ. ಗುಡಿಗೂ ರೊಕ್ಕ ಬರ್ತದ. ಒಬ್ಬಾಕಿ ಮಾತ್ರ ಹಟ ಹಿಡದಾಳ, ನಿಮ್ಮ ಹಂತ್ಯಾಕ ಕಲ್ತಾಕಿ. ನೀವು ಒಂದು ಮಾತು ಹೇಳಿದ್ರ...”

“ಇಲ್ಲಪ್ಪ, ನಾನು ಹೇಳಂಗಿಲ್ಲ” ಎಂದೆ.

“ಯಾಕ್ರಿ ದೊಡ್ಡಮ್ಮ, ಊರ ಸಲುವಾಗಿ.”

“ಊರ ಸಲುವಾಗಿನೇ” ಎಂದು ಫೋನು ಇಟ್ಟೆ. ಕೈ ನಡುಗುತ್ತಿತ್ತು. ಇಷ್ಟು ಸಣ್ಣ ಮಾತಿಗೆ ಈ ವಯಸ್ಸಿನಲ್ಲಿ ಕೈ ನಡುಗಬೇಕೆ ಎಂದು ನಾಚಿಕೆಯೂ ಆಯಿತು.

ಆಕೆ ನಿಂತಳು, ಸೋತಳು ಎಂದು ಆಮೇಲೆ ತಿಳಿಯಿತು. ಆದರೆ ಆಕೆ ನಿಂತದ್ದರಿಂದ ಆ ವಾರ್ಡಿನಲ್ಲಿ ಮತದಾನ ನಡೆಯಲೇಬೇಕಾಯಿತು. ಹೆಂಗಸರು ಮುಂಜಾನೆಯೇ ರೊಟ್ಟಿ ಬಡಿದಿಟ್ಟು, ಸೆರಗು ಹೊದ್ದು, ಸರದಿಯಲ್ಲಿ ನಿಂತರಂತೆ. ಮತಗಟ್ಟೆ ಇದ್ದದ್ದು ಊರ ಶಾಲೆಯಲ್ಲಿ. ಶಾಲೆಗೆ ಹೋಗಲು ಅಗಸಿ ಕಟ್ಟೆಯ ಮುಂದೆಯೇ ಹಾಯಬೇಕಿತ್ತಂತೆ.

ಹಿಂದಿನ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೋ ಕಾಣೆ. ಸಿಕ್ಕರೆ ಅವಳ ಪ್ರಶ್ನೆಗೆ ಇಷ್ಟನ್ನು ಹೇಳುತ್ತೇನೆ: ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಂತಿರುತ್ತಿದ್ದರವ್ವಾ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೆಲವರು ಕೂಸನ್ನು ಬಚ್ಚಿಟ್ಟರು, ಕೆಲವರು ಕಿವಿಯ ಓಲೆ ಕಳೆದುಕೊಂಡರು. ನನ್ನಂಥ ಕೆಲವರು ಕಟ್ಟೆಯ ಮಾತನ್ನು ಹೊತ್ತು ಇನ್ನೊಬ್ಬಳ ಮನೆಗೆ ಹೋದರು.